ದತ್ತಸಂಚಯ ಸಂಪರ್ಕ ದೋಷಗಳ ಪತ್ತೆ

ದತ್ತಸಂಚಯ ಸಂಪರ್ಕ ದೋಷಗಳ ಪತ್ತೆ ಎಂದರೆ, ದತ್ತಸಂಚಯದಿಂದ (ಡೇಟಾಬೇಸ್) ಮಾಹಿತಿಯನ್ನು ಕೇಳುವ ಗಣಕಕ್ಕೂ ಅದನ್ನು ಒದಗಿಸುವ ಗಣಕಕ್ಕೂ ನಡುವಿನ ಸಂಪರ್ಕವು ಎಲ್ಲಿ, ಯಾವ ಕಾರಣದಿಂದ ತಪ್ಪಿದೆ ಎಂಬುದನ್ನು ಕ್ರಮವಾಗಿ ಕಂಡುಹಿಡಿಯುವ ವಿಧಾನ. ಮಾಹಿತಿ ಕೇಳುವ ತಂತ್ರಾಂಶವನ್ನು ಕ್ಲೈಂಟ್ ಎಂದೂ, ಮಾಹಿತಿಯನ್ನು ಸಂಗ್ರಹಿಸಿಟ್ಟು ಒದಗಿಸುವ ತಂತ್ರಾಂಶವನ್ನು ಹಾಗೂ ಅದು ನೆಲೆಸಿರುವ ಗಣಕವನ್ನು ಸರ್ವರ್ ಎಂದೂ ಕರೆಯಲಾಗುತ್ತದೆ. ಕ್ಲೈಂಟಿನ ಬೇಡಿಕೆಯು ಸರ್ವರನ್ನು ತಲುಪುವ ಮುನ್ನ ಹಲವು ಹಂತಗಳನ್ನು ದಾಟಬೇಕಾಗುತ್ತದೆ. ಯಾವ ಹಂತದಲ್ಲಿ ತಡೆಯಾದರೂ ಬಳಕೆದಾರನಿಗೆ ಕಾಣುವ ಫಲ ಒಂದೇ: ಮಾಹಿತಿ ದೊರೆಯುವುದಿಲ್ಲ. ಆದರೆ ಪರದೆಯ ಮೇಲೆ ಮೂಡುವ ದೋಷ ಸಂದೇಶವು ಬೇಡಿಕೆಯು ಎಷ್ಟು ದೂರ ಸಾಗಿ ನಿಂತಿತು ಎಂಬುದನ್ನು ಬಹುಮಟ್ಟಿಗೆ ತಿಳಿಸುತ್ತದೆ. ಆ ಸಂದೇಶವನ್ನು ಸರಿಯಾಗಿ ಓದುವುದೇ ಪತ್ತೆಯ ಮೊದಲ ಹೆಜ್ಜೆ.

ಕರ್ನಾಟಕದಲ್ಲಿ ಜಮೀನಿನ ದಾಖಲೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಸ್ತಿ ನೋಂದಣಿ ಮೊದಲಾದವು ಗಣಕೀಕೃತ ದತ್ತಸಂಚಯಗಳನ್ನು ಅವಲಂಬಿಸಿರುವುದರಿಂದ ಈ ವಿಷಯವು ತಂತ್ರಜ್ಞರಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಕಚೇರಿಯ ಕಿಟಕಿಯಲ್ಲಿ ಕೇಳಿಬರುವ "ಸರ್ವರ್ ಇಲ್ಲ" ಎಂಬ ಮಾತು ಅನೇಕ ಬಗೆಯ ದೋಷಗಳಿಗೆ ಜನರು ಕೊಟ್ಟಿರುವ ಒಂದೇ ಹೆಸರಾಗಿದೆ.

== ಹಿನ್ನೆಲೆ ==

ಒಂದೇ ಗಣಕದಲ್ಲಿ ತಂತ್ರಾಂಶವೂ ಮಾಹಿತಿಯೂ ಇದ್ದಾಗ ಸಂಪರ್ಕ ದೋಷಕ್ಕೆ ಅವಕಾಶ ಕಡಿಮೆ. ಮಾಹಿತಿಯನ್ನು ಪ್ರತ್ಯೇಕ ಸರ್ವರಿನಲ್ಲಿಟ್ಟು ಹಲವರು ಏಕಕಾಲದಲ್ಲಿ ಬಳಸುವ ಪದ್ಧತಿ ಬಂದ ಮೇಲೆ ಇವೆರಡರ ನಡುವಿನ ಜಾಲವೂ ವ್ಯವಸ್ಥೆಯ ಅಂಗವಾಯಿತು. ಇಂತಹ ವ್ಯವಸ್ಥೆಯಲ್ಲಿ ಎರಡು ಮುಖ್ಯ ವಿನ್ಯಾಸಗಳಿವೆ.

ಎರಡು ಸ್ತರದ ವಿನ್ಯಾಸದಲ್ಲಿ ಬಳಕೆದಾರನ ಗಣಕವೇ ನೇರವಾಗಿ ದತ್ತಸಂಚಯ ಸರ್ವರನ್ನು ಸಂಪರ್ಕಿಸುತ್ತದೆ. ಒಂದೇ ಕಟ್ಟಡದೊಳಗೆ ಒಂದು ಸರ್ವರ್ ಹಾಗೂ ನಾಲ್ಕಾರು ಗಣಕಗಳಿರುವ ಸಹಕಾರ ಸಂಘ, ಅಂಗಡಿ ಅಥವಾ ಶಾಲೆಗಳಲ್ಲಿ ಇದು ಸಾಮಾನ್ಯ. ಮೂರು ಸ್ತರದ ವಿನ್ಯಾಸದಲ್ಲಿ ಬಳಕೆದಾರನ ಬ್ರೌಸರ್ ಮೊದಲು ಜಾಲತಾಣದ ಸರ್ವರನ್ನು ತಲುಪುತ್ತದೆ. ಆ ಸರ್ವರ್ ಬಳಕೆದಾರನ ಪರವಾಗಿ ದತ್ತಸಂಚಯವನ್ನು ಕೇಳುತ್ತದೆ. ಇಲ್ಲಿ ದತ್ತಸಂಚಯದ ನಿಜವಾದ ಕ್ಲೈಂಟ್ ಕಚೇರಿಯ ಗಣಕವಲ್ಲ, ನಡುವಿನ ಸರ್ವರ್. ಯಾವ ವಿನ್ಯಾಸವೆಂಬುದನ್ನು ಮೊದಲು ತಿಳಿಯದಿದ್ದರೆ ದೋಷವನ್ನು ತಪ್ಪು ಸ್ಥಳದಲ್ಲಿ ಹುಡುಕುವ ಸಂಭವವಿರುತ್ತದೆ.

ಕರ್ನಾಟಕದ ಭೂಮಿ ಯೋಜನೆಯು ಈ ಬದಲಾವಣೆಗೆ ಉತ್ತಮ ನಿದರ್ಶನ. ರಾಷ್ಟ್ರೀಯ ಮಾಹಿತಿ ಕೇಂದ್ರವು (ಎನ್‌ಐಸಿ) ಸಿದ್ಧಪಡಿಸಿದ ತಂತ್ರಾಂಶದ ನೆರವಿನಿಂದ 2000ದ ದಶಕದ ಆರಂಭದಲ್ಲಿ ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಆಗ ದತ್ತಸಂಚಯವು ಆಯಾ ತಾಲ್ಲೂಕು ಕಚೇರಿಯಲ್ಲಿಯೇ ಇದ್ದು, ಪಹಣಿ ನೀಡುವ ಕಿಟಕಿಯೂ ಅದೇ ಕಟ್ಟಡದಲ್ಲಿರುತ್ತಿತ್ತು. ಮುಂದೆ ಮಾಹಿತಿಯು ಬೆಂಗಳೂರಿನ ಕೇಂದ್ರೀಕೃತ ವ್ಯವಸ್ಥೆಗೆ ಸೇರಿತು. ಇದರಿಂದ ರಾಜ್ಯದ ಯಾವ ಮೂಲೆಯಿಂದಲಾದರೂ ದಾಖಲೆ ಪಡೆಯುವುದು ಸಾಧ್ಯವಾಯಿತು. ಜೊತೆಗೆ ಕಿಟಕಿಗೂ ದಾಖಲೆಗೂ ನಡುವೆ ನೂರಾರು ಕಿಲೋಮೀಟರುಗಳ ಜಾಲವೂ ಬಂದಿತು.

== ಸಂಪರ್ಕದ ಹಂತಗಳು ==

ಪರಸ್ಥಳದ ಮನೆಗೆ ಹೋಗುವವನು ವಿಳಾಸ ತಿಳಿದು, ದಾರಿ ಹಿಡಿದು, ಓಣಿ ಸೇರಿ, ಕದ ತಟ್ಟಿ, ತನ್ನ ಗುರುತು ಹೇಳಿ, ಬಂದ ಕೆಲಸ ತಿಳಿಸುವಂತೆ ಕ್ಲೈಂಟ್ ಕೂಡ ಈ ಕೆಳಗಿನ ಹಂತಗಳನ್ನು ಅನುಕ್ರಮವಾಗಿ ದಾಟುತ್ತದೆ.

1. ಹೆಸರಿನಿಂದ ವಿಳಾಸ: ಸರ್ವರಿನ ಹೆಸರನ್ನು ಡಿಎನ್‌ಎಸ್ ವ್ಯವಸ್ಥೆಯ ಮೂಲಕ ಅಂಕಿಗಳ ಐಪಿ ವಿಳಾಸಕ್ಕೆ ಪರಿವರ್ತಿಸುವುದು.
2. ದಾರಿ: ಕೇಬಲ್, ಸ್ವಿಚ್, ರೌಟರ್ ಹಾಗೂ ದೂರಸಂಪರ್ಕ ಮಾರ್ಗಗಳ ಮೂಲಕ ಆ ವಿಳಾಸವನ್ನು ತಲುಪುವುದು.
3. ಪೋರ್ಟ್: ಒಂದು ಗಣಕದಲ್ಲಿ ಹಲವು ಸೇವೆಗಳಿರಬಹುದಾದ್ದರಿಂದ ಬೇಕಾದ ಸೇವೆಯ ಪೋರ್ಟ್ ಸಂಖ್ಯೆಯಲ್ಲಿ ಟಿಸಿಪಿ ಸಂಪರ್ಕ ಕೋರುವುದು. ಕ್ಲೈಂಟಿನ ಕೋರಿಕೆ, ಸರ್ವರಿನ ಒಪ್ಪಿಗೆ, ಕ್ಲೈಂಟಿನ ಮರುದೃಢೀಕರಣ ಎಂಬ ಮೂರು ಸಂದೇಶಗಳಿಂದ ಈ ಸಂಪರ್ಕ ಏರ್ಪಡುತ್ತದೆ.
4. ಗೂಢಲಿಪೀಕರಣ: ಸುರಕ್ಷಿತ ಸಂಪರ್ಕವಿದ್ದಲ್ಲಿ ಸರ್ವರಿನ ಟಿಎಲ್‌ಎಸ್ ಪ್ರಮಾಣಪತ್ರವನ್ನು ಪರಿಶೀಲಿಸುವುದು.
5. ಗುರುತಿನ ದೃಢೀಕರಣ: ಬಳಕೆದಾರನ ಹೆಸರು ಹಾಗೂ ಗುಪ್ತಪದವನ್ನು ಒಪ್ಪಿಸುವುದು.
6. ದತ್ತಸಂಚಯದ ಆಯ್ಕೆ: ಆ ಸರ್ವರಿನಲ್ಲಿರುವ ನಿರ್ದಿಷ್ಟ ದತ್ತಸಂಚಯವನ್ನು ತೆರೆದು ಪ್ರಶ್ನೆ ಕೇಳುವುದು.

ಒಂದು ಹಂತದ ದೋಷ ಸಂದೇಶ ಬಂದಿದೆಯೆಂದರೆ ಅದರ ಹಿಂದಿನ ಹಂತಗಳು ಸಾಮಾನ್ಯವಾಗಿ ಸರಿಯಾಗಿವೆ ಎಂದೇ ಅರ್ಥ. ಗುಪ್ತಪದ ತಪ್ಪು ಎಂದು ಸರ್ವರ್ ಉತ್ತರಿಸಿದಲ್ಲಿ ಕೇಬಲ್ಲನ್ನು ಬದಲಿಸುವುದು ವ್ಯರ್ಥ. ಹೆಸರೇ ವಿಳಾಸವಾಗಿ ಪರಿವರ್ತನೆಯಾಗದಿದ್ದಲ್ಲಿ ಗುಪ್ತಪದವನ್ನು ಬದಲಿಸುವುದೂ ಅಷ್ಟೇ ವ್ಯರ್ಥ.

ಪ್ರಚಲಿತ ದತ್ತಸಂಚಯಗಳ ರೂಢಿಯ ಪೋರ್ಟ್ ಸಂಖ್ಯೆಗಳು ಹೀಗಿವೆ:

* ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ: 3306
* ಪೋಸ್ಟ್‌ಗ್ರೆಎಸ್‌ಕ್ಯೂಎಲ್: 5432
* ಒರಾಕಲ್: 1521
* ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್: 1433
* ಮೊಂಗೋಡಿಬಿ: 27017

ನಿರ್ವಾಹಕರು ಈ ಸಂಖ್ಯೆಗಳನ್ನು ಬದಲಾಯಿಸಿರಬಹುದಾದ್ದರಿಂದ ವಾಸ್ತವ ಸಂಖ್ಯೆಯನ್ನು ಸರ್ವರಿನ ಸಂರಚನೆಯಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು.

== ದೋಷ ಸಂದೇಶಗಳ ಅರ್ಥ ==

=== ಹೆಸರು ಅಪರಿಚಿತ ===

ಮೈಎಸ್‌ಕ್ಯೂಎಲ್‌ನ 2005ನೆಯ ದೋಷವು ಸರ್ವರಿನ ಹೆಸರಿಗೆ ವಿಳಾಸ ದೊರೆಯಲಿಲ್ಲ ಎಂದು ಸೂಚಿಸುತ್ತದೆ. ಒರಾಕಲ್‌ನ ಓಆರ್‌ಎ-12154 ಇದಕ್ಕೆ ಸಮೀಪದ್ದು. ಕ್ಲೈಂಟಿಗೆ ಕೊಟ್ಟ ಸಂಪರ್ಕದ ಹೆಸರನ್ನು ಅದರ ಸಂರಚನೆಯಲ್ಲಿ ಅರ್ಥೈಸಲಾಗಲಿಲ್ಲ ಎಂಬುದು ಇದರ ತಾತ್ಪರ್ಯ. ಎರಡರಲ್ಲಿಯೂ ಬೇಡಿಕೆಯು ಕ್ಲೈಂಟಿನ ಬಳಿಯೇ ಉಳಿದಿದೆ, ಸರ್ವರಿಗೆ ಅದರ ಸುಳಿವೇ ಇಲ್ಲ. ಅಕ್ಷರದೋಷ, ಡಿಎನ್‌ಎಸ್ ವಿಳಾಸದ ತಪ್ಪು, ಸಂರಚನಾ ಕಡತವು ತಪ್ಪು ಸ್ಥಳದಲ್ಲಿರುವುದು ಇದರ ಸಾಮಾನ್ಯ ಕಾರಣಗಳು.

=== ಸಂಪರ್ಕ ನಿರಾಕರಣೆ ===

ಮೈಎಸ್‌ಕ್ಯೂಎಲ್‌ನ 2003ನೆಯ ದೋಷದೊಂದಿಗೆ ಆವರಣದಲ್ಲಿ ಇನ್ನೊಂದು ಸಂಖ್ಯೆ ಬರುತ್ತದೆ. ವಿಂಡೋಸ್‌ನಲ್ಲಿ 10061, ಲಿನಕ್ಸ್‌ನಲ್ಲಿ 111 ಎಂದಿದ್ದರೆ ಸಂಪರ್ಕವನ್ನು ನಿರಾಕರಿಸಲಾಗಿದೆ ಎಂದರ್ಥ. ಈ ಉತ್ತರವು ತಕ್ಷಣ ಬರುವುದು ಇದರ ಲಕ್ಷಣ. ಗಣಕವು ಎಚ್ಚರವಾಗಿದೆ, ದಾರಿಯೂ ತೆರೆದಿದೆ. ಆದರೆ ಆ ಪೋರ್ಟಿನಲ್ಲಿ ಕಿವಿಗೊಟ್ಟು ಕುಳಿತ ತಂತ್ರಾಂಶವಿಲ್ಲ. ದತ್ತಸಂಚಯದ ಸೇವೆ ನಿಂತಿರಬಹುದು, ಬೇರೆ ಪೋರ್ಟಿನಲ್ಲಿ ನಡೆಯುತ್ತಿರಬಹುದು, ಅಥವಾ ಸ್ವಂತ ಗಣಕದ ಬೇಡಿಕೆಗಳಿಗೆ ಮಾತ್ರ ಉತ್ತರಿಸುವಂತೆ ಅದನ್ನು ನಿಗದಿಪಡಿಸಿರಬಹುದು. ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಹೊಸದಾಗಿ ಸ್ಥಾಪಿತವಾದಾಗ ರೂಢಿಯಂತೆ ಸ್ವಂತ ಗಣಕಕ್ಕೆ ಮಾತ್ರ ಕಿವಿಗೊಡುತ್ತದೆ. ಫೈರ್‌ವಾಲ್ ಕೆಲವೊಮ್ಮೆ ಇದೇ ಬಗೆಯ ನಿರಾಕರಣೆಯನ್ನು ಕಳುಹಿಸುವುದುಂಟು. ಒರಾಕಲ್‌ನಲ್ಲಿ ಇದಕ್ಕೆ ಸಮಾನವಾದುದು ಓಆರ್‌ಎ-12541.

=== ಕಾಲಮಿತಿ ಮೀರಿಕೆ ===

ವಿಂಡೋಸ್‌ನ 10060, ಲಿನಕ್ಸ್‌ನ 110, ಒರಾಕಲ್‌ನ ಓಆರ್‌ಎ-12170 ಇವು ಉತ್ತರವೇ ಬರಲಿಲ್ಲ ಎಂಬುದನ್ನು ಸೂಚಿಸುತ್ತವೆ. ನಿರಾಕರಣೆಗೂ ಇದಕ್ಕೂ ಇರುವ ಭೇದ ಮಹತ್ವದ್ದು. ನಿರಾಕರಣೆಯಲ್ಲಿ "ಇಲ್ಲ" ಎಂಬ ಉತ್ತರವಿದೆ, ಇಲ್ಲಿ ಮೌನವಿದೆ. ಗಣಕವು ಆರಿಹೋಗಿರುವುದು, ವಿಳಾಸ ತಪ್ಪಿರುವುದು, ಮಾರ್ಗ ಕಡಿದಿರುವುದು, ಅಥವಾ ಫೈರ್‌ವಾಲ್ ಬೇಡಿಕೆಯನ್ನು ಸದ್ದಿಲ್ಲದೆ ಕೈಬಿಡುತ್ತಿರುವುದು ಮುಖ್ಯ ಕಾರಣಗಳು. ಸರ್ವರ್ ಅತಿಯಾದ ಹೊರೆಯಿಂದ ಬಳಲುತ್ತಿದ್ದಾಗಲೂ ಇದೇ ಸಂದೇಶ ಬರಬಹುದು.

=== ಪ್ರವೇಶ ನಿರಾಕರಣೆ ===

ಮೈಎಸ್‌ಕ್ಯೂಎಲ್‌ನ 1045, ಎಸ್‌ಕ್ಯೂಎಲ್ ಸರ್ವರಿನ 18456, ಒರಾಕಲ್‌ನ ಓಆರ್‌ಎ-01017 ಇವು ಗುರುತು ಒಪ್ಪಿತವಾಗದಿದ್ದಾಗ ಬರುತ್ತವೆ. ಇವು ಜಾಲದ ದೋಷಗಳಲ್ಲ. ಜಾಲವು ಸರಿಯಾಗಿದೆ ಎಂಬುದಕ್ಕೆ ಪುರಾವೆ. ಮೈಎಸ್‌ಕ್ಯೂಎಲ್‌ನ 1130 ಹಾಗೂ ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನ "ಪಿಜಿ_ಎಚ್‌ಬಿಎ ಕಡತದಲ್ಲಿ ನಮೂದಿಲ್ಲ" ಎಂಬ ಸಂದೇಶಗಳು ವ್ಯಕ್ತಿಯ ಗುರುತಿಗಿಂತ ಆತ ಬಂದ ಗಣಕದ ವಿಳಾಸಕ್ಕೆ ಅನುಮತಿಯಿಲ್ಲವೆಂದು ತಿಳಿಸುತ್ತವೆ. ಎಸ್‌ಕ್ಯೂಎಲ್ ಸರ್ವರ್ ಭದ್ರತೆಯ ದೃಷ್ಟಿಯಿಂದ ನಿಜವಾದ ಕಾರಣವನ್ನು ಕ್ಲೈಂಟಿಗೆ ಹೇಳುವುದಿಲ್ಲ. ಹೆಸರು ತಪ್ಪೋ ಗುಪ್ತಪದ ತಪ್ಪೋ ಎಂಬುದು ಸರ್ವರಿನ ದಾಖಲೆ ಕಡತದಲ್ಲಿ ಮಾತ್ರ ಬರೆದಿರುತ್ತದೆ.

=== ನಡುವೆ ಕಡಿತ ===

ಮೈಎಸ್‌ಕ್ಯೂಎಲ್‌ನ 2006 ಮತ್ತು 2013, ಒರಾಕಲ್‌ನ ಓಆರ್‌ಎ-03113 ಇವು ಒಮ್ಮೆ ಏರ್ಪಟ್ಟ ಸಂಪರ್ಕವು ಅನಂತರ ಕಡಿದುಹೋದಾಗ ಬರುತ್ತವೆ. ಬೆಳಗಿನಿಂದ ಸರಿಯಾಗಿದ್ದ ತಂತ್ರಾಂಶವು ಊಟದ ಬಿಡುವಿನ ಅನಂತರದ ಮೊದಲ ಪ್ರಶ್ನೆಗೆ ಮಾತ್ರ ಮುಗ್ಗರಿಸಿ, ಮರುಪ್ರಯತ್ನದಲ್ಲಿ ಸರಿಹೋದರೆ, ಬಳಕೆಯಿಲ್ಲದ ಸಂಪರ್ಕವನ್ನು ಸರ್ವರ್ ಅಥವಾ ನಡುವಿನ ಫೈರ್‌ವಾಲ್ ಮುಚ್ಚಿರುವ ಸಾಧ್ಯತೆ ಹೆಚ್ಚು. ಮೈಎಸ್‌ಕ್ಯೂಎಲ್ ರೂಢಿಯಂತೆ 28800 ಸೆಕೆಂಡು, ಅಂದರೆ 8 ಗಂಟೆ ಕಾಯುತ್ತದೆ. ಫೈರ್‌ವಾಲುಗಳ ಮಿತಿ ಹಲವೆಡೆ ಇದಕ್ಕಿಂತ ಬಹಳ ಕಡಿಮೆಯಿರುತ್ತದೆ. ಲಿನಕ್ಸ್‌ನಲ್ಲಿ ಸಂಪರ್ಕ ಜೀವಂತವಾಗಿದೆಯೇ ಎಂದು ಟಿಸಿಪಿ ವಿಚಾರಿಸುವುದು ರೂಢಿಯಂತೆ 7200 ಸೆಕೆಂಡಿನ ಅನಂತರ. ಈ ಅವಧಿಯನ್ನು ತಗ್ಗಿಸುವುದು ಒಂದು ಪರಿಹಾರ.

ಸಣ್ಣ ಪ್ರಶ್ನೆಗೆ ಉತ್ತರ ಬಂದು ಉದ್ದದ ಪಟ್ಟಿ ಕೇಳಿದಾಗ ಮಾತ್ರ ತಂತ್ರಾಂಶ ಸ್ತಬ್ಧವಾದರೆ ಪೊಟ್ಟಣದ (ಪ್ಯಾಕೆಟ್) ಗಾತ್ರವನ್ನು ಶಂಕಿಸಬೇಕು. ಈಥರ್‌ನೆಟ್‌ನಲ್ಲಿ ರೂಢಿಯ ಗರಿಷ್ಠ ಗಾತ್ರ 1500 ಬೈಟ್. ವಿಪಿಎನ್ ಮಾರ್ಗದಲ್ಲಿ ಇದು ಕಡಿಮೆಯಾಗುವುದರಿಂದ ದೊಡ್ಡ ಪೊಟ್ಟಣಗಳು ಕೆಲವೊಮ್ಮೆ ದಾರಿಯಲ್ಲಿಯೇ ಕಳೆದುಹೋಗುತ್ತವೆ.

=== ಸಂಪರ್ಕಗಳ ಮಿತಿ ===

ಪ್ರತಿ ಸರ್ವರಿಗೂ ಏಕಕಾಲದ ಸಂಪರ್ಕಗಳ ಮಿತಿಯಿದೆ. ರೂಢಿಯ ಮಿತಿ ಮೈಎಸ್‌ಕ್ಯೂಎಲ್‌ನಲ್ಲಿ 151, ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ 100. ಮಿತಿ ಮೀರಿದಾಗ ಮೈಎಸ್‌ಕ್ಯೂಎಲ್ 1040ನೆಯ ದೋಷವನ್ನು ನೀಡುತ್ತದೆ. ಮಿತಿಯನ್ನು ಹೆಚ್ಚಿಸುವುದು ತಾತ್ಕಾಲಿಕ ಉಪಾಯವಷ್ಟೆ; ಕೆಲಸ ಮುಗಿದ ಮೇಲೂ ಸಂಪರ್ಕವನ್ನು ಮುಚ್ಚದ ತಂತ್ರಾಂಶವು ಅನೇಕ ಸಲ ಇದರ ಮೂಲ ಕಾರಣವಾಗಿರುತ್ತದೆ.

== ಪತ್ತೆಯ ಕ್ರಮ ==

ಪತ್ತೆಗೆ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯುವುದು ಉಪಯುಕ್ತ. ತೊಂದರೆ ಒಂದೇ ಗಣಕಕ್ಕೋ ಎಲ್ಲ ಗಣಕಗಳಿಗೋ? ಸದಾ ಇದೆಯೋ ಆಗಾಗ ಬರುತ್ತದೆಯೋ? ಕೊನೆಯ ಸಲ ಸರಿಯಾಗಿದ್ದ ಅನಂತರ ಏನು ಬದಲಾಗಿದೆ? ಒಂದೇ ಗಣಕಕ್ಕೆ ತೊಂದರೆಯಿದ್ದು ಪಕ್ಕದ ಗಣಕ ಸರಿಯಿದ್ದರೆ ಸರ್ವರ್ ಬಹುತೇಕ ನಿರ್ದೋಷಿ.

ಅನಂತರ ಹಂತಗಳ ಕ್ರಮದಲ್ಲಿಯೇ ಪರೀಕ್ಷಿಸಬೇಕು.

* ದೋಷ ಸಂದೇಶವನ್ನು ಸಂಖ್ಯೆ ಹಾಗೂ ವೇಳೆಯೊಂದಿಗೆ ಯಥಾವತ್ತಾಗಿ ಬರೆದುಕೊಳ್ಳುವುದು.
* ಎನ್‌ಎಸ್‌ಲುಕಪ್ ಆದೇಶದಿಂದ ಹೆಸರಿಗೆ ಸರಿಯಾದ ವಿಳಾಸ ದೊರೆಯುತ್ತಿದೆಯೇ ಎಂದು ನೋಡುವುದು.
* ಪಿಂಗ್ ಆದೇಶದಿಂದ ಗಣಕವು ತಲುಪುತ್ತಿದೆಯೇ ಎಂದೂ, ಟ್ರೇಸ್‌ರೌಟ್ ಆದೇಶದಿಂದ (ವಿಂಡೋಸ್‌ನಲ್ಲಿ ಟ್ರೇಸರ್ಟ್) ದಾರಿ ಎಲ್ಲಿಯವರೆಗೆ ಸಾಗುತ್ತಿದೆ ಎಂದೂ ನೋಡುವುದು.
* ಟೆಲ್‌ನೆಟ್ ಅಥವಾ ವಿಂಡೋಸ್ ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್ ಆದೇಶದಿಂದ ಪೋರ್ಟ್ ತೆರೆದಿದೆಯೇ ಎಂದು ಪರೀಕ್ಷಿಸುವುದು.
* ಸರ್ವರಿನಲ್ಲಿ ನೆಟ್‌ಸ್ಟ್ಯಾಟ್ ಅಥವಾ ಎಸ್‌ಎಸ್ ಆದೇಶದಿಂದ ಸೇವೆಯು ಯಾವ ವಿಳಾಸ ಮತ್ತು ಪೋರ್ಟಿನಲ್ಲಿ ಕಿವಿಗೊಟ್ಟಿದೆ ಎಂದು ನೋಡುವುದು.
* ಅದೇ ವೇಳೆಯ ಸರ್ವರ್ ದಾಖಲೆ ಕಡತವನ್ನು ಓದುವುದು. ಅಲ್ಲಿ ಯಾವ ನಮೂದೂ ಇಲ್ಲದಿದ್ದರೆ ಬೇಡಿಕೆ ಸರ್ವರನ್ನು ತಲುಪಿಲ್ಲವೆಂದು ಊಹಿಸಬಹುದು.
* ಇಷ್ಟರಿಂದಲೂ ತಿಳಿಯದಿದ್ದಲ್ಲಿ ಟಿಸಿಪಿಡಂಪ್ ಅಥವಾ ವೈರ್‌ಶಾರ್ಕ್ ತಂತ್ರಾಂಶದಿಂದ ಪೊಟ್ಟಣಗಳ ಓಡಾಟವನ್ನು ಎರಡೂ ತುದಿಗಳಲ್ಲಿ ದಾಖಲಿಸಿ ಹೋಲಿಸುವುದು.

ಈ ಪರೀಕ್ಷೆಗಳ ಫಲವನ್ನು ಅರ್ಥೈಸುವಾಗ ಎಚ್ಚರ ಬೇಕು. ಅನೇಕ ಜಾಲಗಳಲ್ಲಿ ಪಿಂಗ್‌ಗೆ ಉತ್ತರಿಸದಂತೆ ತಡೆಯಲಾಗಿರುತ್ತದೆ. ಆದ್ದರಿಂದ ಪಿಂಗ್ ವಿಫಲವಾದ ಮಾತ್ರಕ್ಕೆ ಸರ್ವರ್ ಸತ್ತಿದೆ ಎನ್ನಲಾಗದು. ಪಿಂಗ್ ಯಶಸ್ವಿಯಾದ ಮಾತ್ರಕ್ಕೆ ದತ್ತಸಂಚಯ ನಡೆಯುತ್ತಿದೆ ಎಂದೂ ಅಲ್ಲ. ಮೈಎಸ್‌ಕ್ಯೂಎಲ್ ಸರ್ವರನ್ನು ಟೆಲ್‌ನೆಟ್‌ನಿಂದ ಪದೇ ಪದೇ ತಟ್ಟಿ ಬಿಡುವುದೂ ಒಳ್ಳೆಯದಲ್ಲ. ಅಪೂರ್ಣ ಸಂಪರ್ಕಗಳು ಸತತವಾಗಿ 100 ಎಂಬ ರೂಢಿಯ ಮಿತಿಯನ್ನು ಮುಟ್ಟಿದರೆ ಆ ಗಣಕವನ್ನೇ ಸರ್ವರ್ ನಿರ್ಬಂಧಿಸಿ 1129ನೆಯ ದೋಷವನ್ನು ನೀಡತೊಡಗುತ್ತದೆ.

ಲಿನಕ್ಸ್‌ನಲ್ಲಿ ಮೈಎಸ್‌ಕ್ಯೂಎಲ್‌ಗೆ "ಲೋಕಲ್‌ಹೋಸ್ಟ್" ಎಂಬ ಹೆಸರು ಕೊಟ್ಟಾಗ ಕ್ಲೈಂಟ್ ಜಾಲದ ಬದಲು ಸಾಕೆಟ್ ಕಡತವನ್ನು ಬಳಸುತ್ತದೆ. ಹಾಗಾಗಿ ಸರ್ವರಿನಲ್ಲಿಯೇ ಕುಳಿತು ನಡೆಸಿದ ಪರೀಕ್ಷೆ ಯಶಸ್ವಿಯಾದರೂ ಜಾಲದ ಸಂಪರ್ಕ ಸರಿಯಿದೆ ಎಂದು ಸಿದ್ಧವಾಗುವುದಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪರೀಕ್ಷಿಸುವುದು ಪತ್ತೆಯ ಮೂಲ ನಿಯಮ. ಮೂರು ಬದಲಾವಣೆಗಳನ್ನು ಒಟ್ಟಿಗೆ ಮಾಡಿ ದೋಷ ನಿವಾರಣೆಯಾದರೂ ಕಾರಣವು ಅಜ್ಞಾತವಾಗಿಯೇ ಉಳಿಯುತ್ತದೆ; ಮುಂದೆ ಅದೇ ದೋಷ ಮರಳಿದಾಗ ಹುಡುಕಾಟ ಮೊದಲಿನಿಂದ ಆರಂಭವಾಗಬೇಕಾಗುತ್ತದೆ.

== ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಸಂದರ್ಭ ==

ಬೆಳಗಾವಿ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಕಬ್ಬು ಪ್ರಮುಖ ಬೆಳೆ. ಬೆಳೆಸಾಲ, ಪಾಲು ವಿಭಾಗ, ಖರೀದಿ, ಪರಿಹಾರ ಇವೆಲ್ಲಕ್ಕೂ ಪಹಣಿ ಅಗತ್ಯ. ಈ ಭಾಗದ ಆಡುಮಾತಿನಲ್ಲಿ ಪಹಣಿಗೆ ಉತಾರ ಎಂದು ಹೆಸರು. ಹೋಬಳಿ ಮಟ್ಟದ ನಾಡಕಚೇರಿಗಳಲ್ಲಿ ಪ್ರಮಾಣಪತ್ರಗಳನ್ನು ನೀಡಲಾಗುತ್ತದೆ. ಉತಾರಕ್ಕಾಗಿ ಹಳ್ಳಿಯಿಂದ ಬಂದವನು ಬರಿಗೈಯಲ್ಲಿ ಮರಳಿದರೆ ಬಸ್ ಖರ್ಚಿನೊಂದಿಗೆ ಒಂದು ದಿನದ ಕೂಲಿಯೂ ಹೋಗುತ್ತದೆ. ಸಾಲ ಅಥವಾ ಅರ್ಜಿಯ ಕೊನೆಯ ದಿನವಾಗಿದ್ದರೆ ನಷ್ಟವು ಇನ್ನೂ ದೊಡ್ಡದು. ಆದ್ದರಿಂದ "ಸರ್ವರ್ ಇಲ್ಲ" ಎಂಬುದರ ನಿಜವಾದ ಅರ್ಥ ತಿಳಿಯುವುದಕ್ಕೆ ಇಲ್ಲಿ ಪ್ರಾಯೋಗಿಕ ಮಹತ್ವವಿದೆ: ಹತ್ತು ನಿಮಿಷ ಕಾಯಬೇಕೋ, ಪಕ್ಕದ ಊರಿನ ಕೇಂದ್ರಕ್ಕೆ ಹೋಗಬೇಕೋ, ನಾಳೆ ಬರಬೇಕೋ ಎಂಬುದು ಆ ಉತ್ತರವನ್ನೇ ಅವಲಂಬಿಸಿದೆ.

ಗೋಕಾಕದಿಂದ ಬೆಂಗಳೂರಿಗೆ ರಸ್ತೆಯ ದೂರ 500 ಕಿಲೋಮೀಟರಿಗೂ ಹೆಚ್ಚು. ಬೆಳಕು ಆಪ್ಟಿಕಲ್ ಫೈಬರಿನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುವುದರಿಂದ ಇಷ್ಟು ದೂರ ಹೋಗಿ ಬರಲು ಅದಕ್ಕೆ ಕೆಲವೇ ಮಿಲಿಸೆಕೆಂಡು ಸಾಕು. ಅಂದರೆ ದೂರವೊಂದೇ ವಿಳಂಬಕ್ಕೆ ಕಾರಣವಾಗದು. ನಡುವಿನ ರೌಟರುಗಳು, ಮಾರ್ಗದ ದಟ್ಟಣೆ, ಕೇಬಲ್ ಕಡಿತ, ಸ್ಥಳೀಯ ಸ್ವಿಚ್ಚಿಗೆ ವಿದ್ಯುತ್ ಇಲ್ಲದಿರುವುದು ಇವು ಹೆಚ್ಚಿನ ಕಾರಣಗಳು. ಗಣಕಕ್ಕೆ ಯುಪಿಎಸ್ ಇದ್ದು ಸ್ವಿಚ್ ಅಥವಾ ಮೋಡೆಮ್ಮಿಗೆ ಇಲ್ಲದ ಕಚೇರಿಯಲ್ಲಿ ವಿದ್ಯುತ್ ಹೋದೊಡನೆ ಪರದೆ ಬೆಳಗುತ್ತಿದ್ದರೂ ಸಂಪರ್ಕ ಕಡಿಯುತ್ತದೆ.

ಜಾಲತಾಣದ ಮೂಲಕ ನಡೆಯುವ ಸೇವೆಗಳಲ್ಲಿ ಬ್ರೌಸರಿನ ಸಂದೇಶವೇ ಸುಳಿವು ನೀಡುತ್ತದೆ. ಪುಟವೇ ತೆರೆಯದೆ ಬ್ರೌಸರ್ ತಾನಾಗಿಯೇ ದೋಷ ತೋರಿಸಿದರೆ, ಇತರ ಜಾಲತಾಣಗಳೂ ತೆರೆಯದಿದ್ದರೆ, ತೊಂದರೆ ಕಚೇರಿಯಲ್ಲಿ ಅಥವಾ ಅದರ ಸಮೀಪದಲ್ಲಿದೆ. 500, 502, 503 ಅಥವಾ 504 ಎಂಬ ಸಂಖ್ಯೆ ಬಂದರೆ ಬೇಡಿಕೆಯು ದೂರದ ವ್ಯವಸ್ಥೆಯನ್ನು ತಲುಪಿದೆ; ಅದರಾಚೆಗೆ ತಂತ್ರಾಂಶದಲ್ಲಿಯೋ ದತ್ತಸಂಚಯದ ಸಂಪರ್ಕದಲ್ಲಿಯೋ ತೊಂದರೆಯಿದೆ. ಆಗ ಮೂಡಲಗಿಯಲ್ಲಿ ರೌಟರನ್ನು ಆರಿಸಿ ಹಚ್ಚುವುದರಿಂದ ಪ್ರಯೋಜನವಿಲ್ಲ; ಹುಕ್ಕೇರಿಗೆ ಹೋದರೂ ಅದೇ ಸಂದೇಶ ಕಾಣುವುದು. ಪ್ರಮಾಣಪತ್ರದ ಅವಧಿ ಮುಗಿದಿದೆ ಎಂಬ ಎಚ್ಚರಿಕೆ ಒಂದೇ ಗಣಕದಲ್ಲಿ ಬಂದರೆ ಆ ಗಣಕದ ದಿನಾಂಕವನ್ನು ನೋಡಬೇಕು. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಮುಗಿದು ದಿನಾಂಕ ಹಲವು ವರ್ಷ ಹಿಂದಕ್ಕೆ ಅಥವಾ ತಪ್ಪು ದಿನಕ್ಕೆ ಸರಿದಿದ್ದರೆ ಸುರಕ್ಷಿತ ಸಂಪರ್ಕ ಏರ್ಪಡುವುದಿಲ್ಲ.

ದಾಖಲೆ ಸಿಗದಿರುವುದೆಲ್ಲ ಸಂಪರ್ಕ ದೋಷವಲ್ಲ. ಮೂಡಲಗಿಯು ಮೊದಲು ಗೋಕಾಕ ತಾಲ್ಲೂಕಿನ ಭಾಗವಾಗಿದ್ದು ಅನಂತರ ಪ್ರತ್ಯೇಕ ತಾಲ್ಲೂಕಾಯಿತು. ಇಂತಹ ಪುನರ್ವಿಂಗಡಣೆಯಾದಾಗ ಹಳ್ಳಿಯನ್ನು ಹಳೆಯ ತಾಲ್ಲೂಕಿನ ಪಟ್ಟಿಯಲ್ಲಿ ಹುಡುಕಿದರೆ ಅದು ಕಾಣದಿರಬಹುದು. "ದಾಖಲೆ ಇಲ್ಲ" ಎಂಬ ಉತ್ತರವು ದತ್ತಸಂಚಯದಿಂದಲೇ ಬಂದದ್ದು. ಅಲ್ಲಿ ಸಂಪರ್ಕ ಸುಸ್ಥಿತಿಯಲ್ಲಿದೆ, ಪ್ರಶ್ನೆಯನ್ನು ತಿದ್ದಬೇಕು.

ಸ್ಥಳೀಯವಾಗಿ ಒಂದೇ ಸರ್ವರ್ ಇಟ್ಟುಕೊಂಡಿರುವ ಸಂಸ್ಥೆಗಳಲ್ಲಿ ಬೇರೊಂದು ದೋಷ ಹೆಚ್ಚು. ವಿದ್ಯುತ್ ಹೋಗಿ ಬಂದ ಮೇಲೆ ರೌಟರ್ ಸರ್ವರಿಗೆ ಹೊಸ ಐಪಿ ವಿಳಾಸ ಕೊಡುತ್ತದೆ. ಕ್ಲೈಂಟುಗಳು ಹಳೆಯ ವಿಳಾಸವನ್ನೇ ಹುಡುಕುತ್ತಿರುತ್ತವೆ. ಸರ್ವರಿಗೆ ಸ್ಥಿರ ವಿಳಾಸ ನಿಗದಿಪಡಿಸುವುದು, ಗಣಕ ಹಚ್ಚಿದೊಡನೆ ದತ್ತಸಂಚಯ ಸೇವೆ ತಾನಾಗಿ ಆರಂಭವಾಗುವಂತೆ ಮಾಡುವುದು ಇದಕ್ಕೆ ಪರಿಹಾರ.

== ಭದ್ರತೆ ==

ಸಂಪರ್ಕ ದೋಷವನ್ನು ನಿವಾರಿಸುವ ಅವಸರದಲ್ಲಿ ಫೈರ್‌ವಾಲನ್ನು ಪೂರ್ತಿ ತೆಗೆದುಹಾಕುವುದು, ಎಲ್ಲ ವಿಳಾಸಗಳಿಗೂ ಪ್ರವೇಶ ಕೊಡುವುದು, ಗುಪ್ತಪದವನ್ನು ರದ್ದುಗೊಳಿಸುವುದು ಅಪಾಯಕರ. ಪರೀಕ್ಷೆಗೆಂದು ತೆರೆದ ಬಾಗಿಲು ಮುಚ್ಚದೆ ಉಳಿಯುವುದೇ ಹೆಚ್ಚು. 2003ರ ಜನವರಿ 25ರಂದು ಹರಡಿದ ಎಸ್‌ಕ್ಯೂಎಲ್ ಸ್ಲ್ಯಾಮರ್ ಎಂಬ ಕುತಂತ್ರಾಂಶವು ಎಸ್‌ಕ್ಯೂಎಲ್ ಸರ್ವರಿನ ದೋಷವೊಂದನ್ನು 1434ನೆಯ ಯುಡಿಪಿ ಪೋರ್ಟಿನ ಮೂಲಕ ಬಳಸಿಕೊಂಡು, ದುರ್ಬಲವಾಗಿದ್ದ ಗಣಕಗಳಲ್ಲಿ ಬಹುಪಾಲನ್ನು ಸುಮಾರು 10 ನಿಮಿಷಗಳಲ್ಲಿ ಆಕ್ರಮಿಸಿತು. 2017ರ ಆರಂಭದಲ್ಲಿ ಗುಪ್ತಪದವಿಲ್ಲದೆ ಅಂತರಜಾಲಕ್ಕೆ ತೆರೆದಿದ್ದ ಸಾವಿರಾರು ಮೊಂಗೋಡಿಬಿ ದತ್ತಸಂಚಯಗಳನ್ನು ಅಳಿಸಿ ಹಣದ ಬೇಡಿಕೆ ಇಡಲಾಯಿತು.

ಹೊರೆಯೇ ದಾಳಿಯ ರೂಪವಾಗಿರುವುದೂ ಉಂಟು. 2025ರ ಜನವರಿಯಲ್ಲಿ ಕರ್ನಾಟಕದ ಆಸ್ತಿ ನೋಂದಣಿಯ ಕಾವೇರಿ 2.0 ಸೇವೆ ಅಸ್ತವ್ಯಸ್ತವಾಗಿ ಉಪನೋಂದಣಿ ಕಚೇರಿಗಳ ಕೆಲಸಕ್ಕೆ ಅಡ್ಡಿಯಾಯಿತು. ನಕಲಿ ಖಾತೆಗಳ ಮೂಲಕ ಸ್ವಯಂಚಾಲಿತವಾಗಿ ಅಪಾರ ಬೇಡಿಕೆಗಳನ್ನು ಕಳುಹಿಸಿ ಸೇವೆಯನ್ನು ಸ್ಥಗಿತಗೊಳಿಸುವ ದಾಳಿ (ಡಿಡಿಒಎಸ್) ಇದಾಗಿತ್ತೆಂದು ಸರ್ಕಾರ ತಿಳಿಸಿ, ಪೊಲೀಸರಿಗೆ ದೂರು ನೀಡಿತು. ಇಂತಹ ಸಂದರ್ಭದಲ್ಲಿ ಹೆಸರು, ದಾರಿ, ಪೋರ್ಟ್, ಗುಪ್ತಪದ ಎಲ್ಲವೂ ಸರಿಯಿದ್ದರೂ ಕಾಲಮಿತಿ ಮೀರಿದ ಸಂದೇಶ ಬರುತ್ತದೆ. ಕಾರಣವು ಯಾವುದೇ ಒಂದು ಕ್ಲೈಂಟಿನಲ್ಲಿ ಕಾಣದೆ, ಸರ್ವರಿಗೆ ಬಂದ ಬೇಡಿಕೆಗಳ ಒಟ್ಟು ಲೆಕ್ಕದಲ್ಲಿ ಮಾತ್ರ ಗೋಚರಿಸುತ್ತದೆ.

== ಇವನ್ನೂ ನೋಡಿ ==

* ದತ್ತಸಂಚಯ
* ಗಣಕ ಜಾಲ
* ಐಪಿ ವಿಳಾಸ
* ಫೈರ್‌ವಾಲ್
* ಭೂಮಿ ಯೋಜನೆ
* ನಾಡಕಚೇರಿ